ಮೂರನೆಯ ಬಟನ್

ಮಂಗಳೂರಿನಲ್ಲಿ ಮಲೇರಿಯಾ ಬಾರದ ಮನೆಯಿಲ್ಲ, ಗುಲಾಬಿಯಕ್ಕ ನೋಡದ ಮಲೇರಿಯಾ ಇಲ್ಲ ಎಂದು ಬೋಳಾರದ ಪ್ರಯೋಗಾಲಯದಲ್ಲಿ ಒಂದು ಮಾತಿತ್ತು. ಮಾತಿನ ಮೊದಲರ್ಧ ಸ್ವಲ್ಪ ಬಡಾಯಿ, ಎರಡನೆಯ ಅರ್ಧ ಅಲ್ಲ. ಮೂವತ್ತೈದು ವರ್ಷ ಆಕೆ ಒಂದೇ ಮರದ ಸ್ಟೂಲಿನ ಮೇಲೆ ಕೂತು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಗಾಜಿನ ಮೇಲೆ ಬಳಿದ ರಕ್ತದ ಹನಿಯಲ್ಲಿ ರೋಗಾಣು ಉಂಟೋ ಇಲ್ಲವೋ ಎಂದು ಹೇಳುತ್ತ ಬಂದವಳು. ಡಾಕ್ಟರುಗಳು ಬಂದರು, ಹೋದರು. ಸ್ಟೂಲಿನ ಕಾಲು ಎರಡು ಸಲ ಮುರಿಯಿತು. ಗುಲಾಬಿ ಮಾತ್ರ ಅಲ್ಲೇ ಇದ್ದಳು.

ಒಂಬತ್ತು ವರ್ಷಗಳ ಹಿಂದೆ ಯಂತ್ರ ಕಟ್ಟುವವರು ಬಂದರು. ಅವರಿಗೆ ಬೇಕಿದ್ದದ್ದು ಆ ಕಣ್ಣು. ಕೀಳಬೇಕಾಗಿರಲಿಲ್ಲ. ಕಪಾಟಿನಲ್ಲಿದ್ದ ನಲವತ್ತು ಸಾವಿರ ಹಳೆಯ ಸ್ಲೈಡುಗಳ ಚಿತ್ರಗಳನ್ನು ಒಂದೊಂದಾಗಿ ಪರದೆಯ ಮೇಲೆ ತೋರಿಸಿದರು. ಅವಳು ಎರಡರಲ್ಲಿ ಒಂದು ಬಟನ್ ಒತ್ತಬೇಕು. ಕೆಂಪು ಒತ್ತಿದರೆ 'ಉಂಟು', ಹಸಿರು ಒತ್ತಿದರೆ 'ಇಲ್ಲ'. ಎರಡು ವರ್ಷ ಒತ್ತಿದಳು. ಅವಳು ಒತ್ತಿದ್ದನ್ನು ನೋಡಿ ನೋಡಿ ಯಂತ್ರ ಕಲಿಯಿತು. ಕಟ್ಟಿದವರು ಅದಕ್ಕೆ ಮೊಳದುದ್ದದ ಹೆಸರಿಟ್ಟಿದ್ದರು. ಪ್ರಯೋಗಾಲಯದವರು 'ಮರಿಗುಲಾಬಿ' ಎಂದು ಕರೆದರು. ಗುಲಾಬಿಗೆ ಇಪ್ಪತ್ತು ನಿಮಿಷ ಬೇಕಾಗುವ ಸ್ಲೈಡನ್ನು ಮರಿಗುಲಾಬಿ ಐವತ್ತು ಸೆಕೆಂಡಿನಲ್ಲಿ ಓದಿಬಿಡುತ್ತಿತ್ತು. ಈಗ, ೨೦೪೧ರ ಮಳೆಗಾಲದಲ್ಲಿ, ಅದು ಹನ್ನೊಂದು ದೇಶಗಳಲ್ಲಿ ಕೆಲಸ ಮಾಡುತ್ತಿತ್ತು. ಗುಲಾಬಿಯ ಗಂಡ ವಸಂತ, ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿ ನಿವೃತ್ತನಾದವನು, ಕ್ಷೌರದಂಗಡಿಯಲ್ಲಿ ಕೂತರೆ ಸಾಕು, "ನನ್ನ ಹೆಂಡತಿಯ ಕಣ್ಣು ಹನ್ನೊಂದು ದೇಶದಲ್ಲಿ ಉಂಟು ಮಾರಾಯ್ರೇ" ಎಂದು ಶುರುಮಾಡುತ್ತಿದ್ದ. ಗುಲಾಬಿ ಹೊರಗೆ ಗದರಿಸುತ್ತಿದ್ದಳು. ಒಳಗೆ ಅವಳಿಗೂ ಹೆಮ್ಮೆಯೇ.

ಆದರೆ ಯಂತ್ರ ಎಷ್ಟು ಬೇಗ ಓದಿದರೇನು, ಓದಿದ ಮೇಲೆ ಕೊಡುವುದಕ್ಕೆ ಮದ್ದು ಬೇಡವೇ? ರೋಗಾಣು ಮದ್ದುಗಳನ್ನು ಒಂದೊಂದಾಗಿ ಸೋಲಿಸುತ್ತ ಬಂದಿತ್ತು. ನಾವು ಚಾಪೆ ಕೆಳಗೆ ತೂರಿದರೆ ಅದು ರಂಗೋಲಿ ಕೆಳಗೆ ತೂರುವ ಜಾತಿಯದು. ಡಾ. ಮಿಸ್ರಿಯಾ ಎಂಟು ವರ್ಷ ಹಟ ಹಿಡಿದು ಅದರ ಗುಟ್ಟು ಹುಡುಕಿದ್ದಳು. ಆಕೆ ವಿದ್ಯಾರ್ಥಿನಿಯಾಗಿದ್ದಾಗ ಗುಲಾಬಿಯ ಪಕ್ಕದಲ್ಲೇ ಕೂತು ಸ್ಲೈಡು ಓದಲು ಕಲಿತವಳು, ಈಗ ಪ್ರಯೋಗಾಲಯದ ಮುಖ್ಯಸ್ಥೆ. ಸೋಲದ ರೋಗಾಣು ತನ್ನ ಹೊಟ್ಟೆಗೆ ಒಂದು ಹಿತ್ತಿಲ ಬಾಗಿಲು ಮಾಡಿಕೊಂಡಿರುತ್ತದೆ, ಒಳಗೆ ಬಂದ ಮದ್ದನ್ನು ಅಲ್ಲಿಂದ ಹೊರಗೆ ಎಸೆಯುತ್ತದೆ. ಸರಿ, ಆ ಬಾಗಿಲಿನಿಂದಲೇ ಒಳಗೆ ಹೋಗುವ ಮದ್ದು ಮಾಡಿದರೆ? ಬಾಗಿಲು ತೆರೆದರೆ ರೋಗಾಣುವಿಗೆ ಹೊಸ ಮದ್ದಿನಿಂದ ಸಾವು, ಮುಚ್ಚಿದರೆ ಹಳೆಯ ಮದ್ದಿನಿಂದ ಸಾವು. ಮದ್ದಿನ ಹೆಸರು ಕೆ-ಮೂವತ್ತೊಂದು. ಇಲಿಗಳಲ್ಲಿ ಗೆದ್ದಿತ್ತು, ಆರೋಗ್ಯವಂತ ಮನುಷ್ಯರಿಗೆ ತೊಂದರೆ ಮಾಡಿರಲಿಲ್ಲ. ಈಗ ಹತ್ತೊಂಬತ್ತು ರೋಗಿಗಳು ಅವರಾಗಿಯೇ ಒಪ್ಪಿ ವಾರ್ಡಿನಲ್ಲಿ ಮಲಗಿದ್ದರು.

ಬುಧವಾರ ಬೆಳಿಗ್ಗೆ ಮೂರನೆಯ ದಿನದ ಫಲಿತಾಂಶ ಬಂತು. ಹತ್ತೊಂಬತ್ತರಲ್ಲಿ ಹದಿನೇಳು ಸ್ಲೈಡುಗಳಿಗೆ ಮರಿಗುಲಾಬಿ 'ಉಂಟು' ಎಂದಿತ್ತು.

ಮಿಸ್ರಿಯಾ ಪರದೆಯ ಮೇಲಿನ ಪಟ್ಟಿಯನ್ನು ಎರಡು ಸಲ ಎಣಿಸಿದಳು. "ನಿಯಮ ಗೊತ್ತುಂಟಲ್ಲ ಅಕ್ಕ," ಎಂದಳು ಕೊನೆಗೆ. "ಮೂರನೇ ದಿನ ಕಾಲು ಭಾಗಕ್ಕಿಂತ ಹೆಚ್ಚು ಜನರಲ್ಲಿ ಉಳಿದರೆ ಮದ್ದು ಸೋತ ಹಾಗೆ. ಶುಕ್ರವಾರ ಸಮಿತಿ ಕೂತು ನಿಲ್ಲಿಸ್ತದೆ. ಎಂಟು ವರ್ಷ ಹೋಯ್ತು."

ಗುಲಾಬಿ ಎದ್ದಳು. ರಕ್ತ ತೆಗೆಯುವ ತಟ್ಟೆ ಹಿಡಿದು ವಾರ್ಡಿಗೆ ಹೊರಟಳು. ಯಂತ್ರ ಬಂದ ಮೇಲೆ ಅವಳಿಗೆ ಸ್ಲೈಡು ನೋಡುವ ಕೆಲಸ ಕಡಿಮೆಯಾಗಿ ಬೆರಳು ಚುಚ್ಚುವ ಕೆಲಸ ಹೆಚ್ಚಾಗಿತ್ತು.

ಏಳನೆಯ ಮಂಚದಲ್ಲಿದ್ದವನು ದುರುಗಪ್ಪ, ಕುಷ್ಟಗಿ ಕಡೆಯ ಗಾರೆ ಕೆಲಸದವನು. ಊರಿಗೆ ಊರೇ ಕಟ್ಟಡ ಎಬ್ಬಿಸುವಾಗ ನಿಂತ ನೀರಿನ ಪಕ್ಕ ಮಲಗುವವರು ಇಂಥವರೇ, ಸೊಳ್ಳೆಗೆ ಮೊದಲು ಸಿಗುವವರೂ ಇವರೇ. ನಾಲ್ಕು ದಿನಗಳ ಹಿಂದೆ ಅವನನ್ನು ಹೊತ್ತು ತಂದಿದ್ದರು. ಈಗ ದಿಂಬಿಗೆ ಒರಗಿ ಕೂತಿದ್ದ.

"ಬರ್ರಿ ಅಕ್ಕಾರ," ಎಂದಳು ಅವನ ಹೆಂಡತಿ ಹುಲಿಗೆವ್ವ. "ನಮ್ಮನ್ಯಾರು ಮುಂಜಾನಿಂದ ರೊಟ್ಟಿ ರೊಟ್ಟಿ ಅನ್ನಾಕತ್ತ್ಯಾರ. ಇಲ್ಲಿ ನೋಡಿದ್ರ ಬರೇ ಗಂಜಿ ಕೊಡ್ತಾರ."

"ಜ್ವರ?"

"ನಿನ್ನಿ ಸಂಜಿಗೇ ಬಿಟ್ಟೈತ್ರಿ. ಮೈಯೆಲ್ಲ ಬೆವರಿ ಮಲ್ಕೊಂಡ್ರು, ಎದ್ದಮ್ಯಾಲೆ ಒಂದ ಸಮ ಹಸಿವು."

ದುರುಗಪ್ಪ ಬೆರಳು ಮುಂದೆ ಮಾಡಿ ಹಲ್ಲು ಕಿರಿದ. "ಎಷ್ಟ್ ಸಲ ಚುಚ್ತೀರಿ ಅಕ್ಕಾರ. ಸೊಳ್ಳಿ ಆದ್ರೂ ಹೊಟ್ಟಿ ತುಂಬಿದ್ರ ಬಿಟ್ಟುಹೋಗ್ತೈತಿ."

ಗುಲಾಬಿ ನಕ್ಕಳು, ಆದರೆ ಮನಸ್ಸು ಅಲ್ಲಿಗೇ ಸಿಕ್ಕಿಕೊಂಡಿತು. ರಕ್ತದಲ್ಲಿ ಇಷ್ಟು ರೋಗಾಣು ಇಟ್ಟುಕೊಂಡವನು ರೊಟ್ಟಿ ಕೇಳುವುದಿಲ್ಲ. ಎಂಟನೆಯ ಮಂಚದವನಿಗೂ ಹಸಿವು. ಹನ್ನೊಂದನೆಯ ಮಂಚದ ಹೆಂಗಸು ತಲೆ ಬಾಚಿಕೊಳ್ಳುತ್ತಿದ್ದಳು. ಸೋತ ಮದ್ದಿನ ವಾರ್ಡು ಹೀಗಿರುವುದನ್ನು ಅವಳು ಎಲ್ಲೂ ಕಂಡಿರಲಿಲ್ಲ.

ಕೆಳಗೆ ಬಂದವಳೇ ದುರುಗಪ್ಪನ ಸ್ಲೈಡನ್ನು ತಾನೇ ಸೂಕ್ಷ್ಮದರ್ಶಕಕ್ಕೆ ಇಟ್ಟಳು. ಜೀವಂತ ರೋಗಾಣು ಹೇಗಿರುತ್ತದೆಂದು ಅವಳು ಹೊಸಬರಿಗೆ ಹೇಳಿಕೊಡುತ್ತಿದ್ದದ್ದು ಹೀಗೆ: ನೀಲಿ ಉಂಗುರ, ಅದಕ್ಕೊಂದು ಕೆಂಪು ಹರಳು. ಇಲ್ಲಿ ಹರಳಿತ್ತು, ಉಂಗುರವಿರಲಿಲ್ಲ. ಇನ್ನೊಂದು, ಮತ್ತೊಂದು, ಎಲ್ಲವೂ ಹಾಗೇ. ಹರಳು ಕೂಡ ಕಪ್ಪಾಗಿ ಮುರುಟಿಕೊಂಡಿತ್ತು. ಉಳಿದ ಹದಿನಾರು ಸ್ಲೈಡುಗಳನ್ನೂ ನೋಡುವಷ್ಟರಲ್ಲಿ ಸಂಜೆಯಾಯಿತು. ಎಲ್ಲೂ ಒಂದೇ ಒಂದು ಉಂಗುರವಿರಲಿಲ್ಲ.

ಇವೆಲ್ಲ ಹೆಣಗಳು. ಮದ್ದು ಸೋತಿಲ್ಲ.

ಖುಷಿಯಿಂದ ಎದ್ದು ನಿಂತವಳು ಮರುಗಳಿಗೆಯೇ ಕುಸಿದು ಕೂತಳು. ಹಾಗಾದರೆ ಯಂತ್ರ ಯಾಕೆ 'ಉಂಟು' ಎಂದಿತು? ಅದಕ್ಕೆ ಹಾಗೆ ಕಲಿಸಿದವರು ಯಾರು?

ಅವಳಿಗೆ ಕೆಲಸ ಕಲಿಸಿದ್ದು ಸೆವ್ರಿನ್ ಬಾಯಮ್ಮ. ಕೊಡೆ ಹಿಡಿದೇ ಒಳಗೆ ಬರುತ್ತಿದ್ದ, ಯಾರಿಗೂ ಹೆದರದ ಹೆಂಗಸು. ಬಾಯಮ್ಮನದು ಒಂದೇ ಪಾಠ: "ಸಂಶಯ ಬಂದ್ರೆ ಉಂಟು ಅಂತ ಬರಿ. ಇಲ್ಲದ್ದನ್ನು ಉಂಟು ಅಂದ್ರೆ ನಾಲ್ಕು ಮಾತ್ರೆ ವ್ಯರ್ಥ. ಇದ್ದದ್ದನ್ನು ಇಲ್ಲ ಅಂದ್ರೆ ಒಂದು ಮನುಷ್ಯ ವ್ಯರ್ಥ." ಗುಲಾಬಿ ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಈ ಪಾಠವನ್ನು ಒಂದೇ ಸಲ ಮೀರಿದಳು. ಬಂದರಿನಲ್ಲಿ ಮೂಟೆ ಹೊರುವ ಇದ್ದಿನಬ್ಬ ಎಂಬವನ ಸ್ಲೈಡು, ನಂಬ್ರ ೧೧೪೭. ಮಸುಕಾದ ಒಂದೇ ಒಂದು ಚುಕ್ಕೆ. ಬಣ್ಣದ ಕಸ ಎಂದುಕೊಂಡು 'ಇಲ್ಲ' ಎಂದು ಬರೆದಳು. ಐದನೆಯ ದಿನ ಅವನು ತೀರಿಕೊಂಡ. ಆಮೇಲೆ ಅವಳು ಸಂಶಯದ ಮೇಲೆ 'ಇಲ್ಲ' ಎಂದು ಒಮ್ಮೆಯೂ ಬರೆಯಲಿಲ್ಲ. ಮದ್ದು ಕೊಟ್ಟ ಮೇಲಿನ ಸ್ಲೈಡುಗಳಲ್ಲಿ ಇಂಥ ಉಂಗುರವಿಲ್ಲದ ಹರಳು ಕಂಡಾಗಲೆಲ್ಲ 'ಉಂಟು' ಎಂದೇ ಬರೆದು, ರಿಜಿಸ್ಟರಿನ ಅಂಚಿನಲ್ಲಿ ತನ್ನ ಸಮಾಧಾನಕ್ಕೆಂದು ಪೆನ್ಸಿಲಿನಿಂದ ಒಂದು ಚುಕ್ಕೆ ಇಡುತ್ತಿದ್ದಳು. ಯಂತ್ರದವರು ಕೊಟ್ಟದ್ದು ಎರಡೇ ಬಟನ್. ಅದರಲ್ಲಿ ಪೆನ್ಸಿಲ್ ಚುಕ್ಕೆಗೆ ಜಾಗವಿರಲಿಲ್ಲ. ಅವಳು ಕೆಂಪು ಒತ್ತಿದ್ದಳು.

ಹಳೆಯ ಮದ್ದುಗಳಿಗೆ ಸತ್ತ ರೋಗಾಣು ಬೇಗ ರಕ್ತದಿಂದ ಮಾಯವಾಗುತ್ತಿದ್ದುದರಿಂದ ಇದು ಯಾರಿಗೂ ಗೊತ್ತಾಗಿರಲಿಲ್ಲ. ಕೆ-ಮೂವತ್ತೊಂದು ಸದ್ದಿಲ್ಲದೆ ರಕ್ತಕಣದ ಒಳಗೇ ಕೊಲ್ಲುವ ಮದ್ದಾಗಿದ್ದರೆ ಹೆಣಗಳು ಅಲ್ಲೇ ಉಳಿಯುತ್ತವೆ. ಮರಿಗುಲಾಬಿ ಹೆಣಗಳನ್ನು ಎಣಿಸುತ್ತಿತ್ತು, ಹನ್ನೊಂದು ದೇಶಗಳಲ್ಲಿ.

ಮನೆಯಲ್ಲಿ ವಸಂತ ಕೆಸುವಿನೆಲೆಯ ಪತ್ರೊಡೆ ಬೇಯಿಸಿಟ್ಟಿದ್ದ. ಅವರ ಮನೆಮಾತು ತುಳು, ನಾವು ಕನ್ನಡದಲ್ಲೇ ಕೇಳಿಸಿಕೊಳ್ಳೋಣ. ಗುಲಾಬಿ ಒಂದು ತುಂಡು ಮುರಿದು ಹಾಗೇ ಕೂತಳು. ಎಲ್ಲ ಹೇಳಿದಳು.

ವಸಂತ ಕೇಳಿಸಿಕೊಂಡ. "ಅಂದ್ರೆ ಎಂತ, ಟಿಕೇಟು ತೆಗೊಂಡವನಿಗೇ ನೀನು ಪುನಃ ಟಿಕೇಟು ಕೊಟ್ಟದ್ದು. ಅದರಿಂದ ಬಸ್ಸೇನು ನಿಲ್ಲಲಿಲ್ಲವಲ್ಲ."

"ಈಗ ನಿಲ್ತದೆ. ಶುಕ್ರವಾರ."

"ನೀನು ಹೇಳದಿದ್ರೆ ಯಾರಿಗೆ ಗೊತ್ತಾಗ್ತದೆ? ಮದ್ದು ಸೋತಿತು ಅಂತಾರೆ, ಅಷ್ಟೇ."

ಗುಲಾಬಿ ತಲೆಯೆತ್ತಿ ಗಂಡನನ್ನು ನೋಡಿದಳು. ಅವನು ಆ ಮಾತು ಆಡಬಾರದಿತ್ತು ಎಂದು ಅವನಿಗೇ ಅನ್ನಿಸಿತು. ತಟ್ಟೆಯತ್ತ ನೋಡುತ್ತ ಕೂತ.

"ನಾನು ನಲವತ್ತು ವರ್ಷ ಬಸ್ಸಲ್ಲಿ ಕೆಲಸ ಮಾಡಿದೆ," ಎಂದ, ಇನ್ನೊಂದು ತುಂಡು ಅವಳ ತಟ್ಟೆಗೆ ಹಾಕುತ್ತ. "ನನ್ನ ಹೆಸರು ಬಸ್ಸಿನ ಹಿಂದೆ ಕೂಡ ಯಾರೂ ಬರೀಲಿಲ್ಲ. ನಿನ್ನದು ಹನ್ನೊಂದು ದೇಶಕ್ಕೆ ಹೋಯ್ತಲ್ಲ, ಈಗ ಅದು ಹಾಳಾಗ್ತದಲ್ಲ ಅಂತ ಹೊಟ್ಟೆ ಉರೀತದೆ. ಹೋದ್ರೆ ಹೋಗ್ಲಿ. ಹೋಗಿ ಹೇಳು. ಮೊದಲು ಅದು ತಿನ್ನು."

ಗುಲಾಬಿ ತಿಂದಳು. ಕಣ್ಣು ಒದ್ದೆಯಾಗಿತ್ತು, ಒರೆಸಿಕೊಳ್ಳಲಿಲ್ಲ.

ಗುರುವಾರ ಬೆಳಿಗ್ಗೆ ಮಿಸ್ರಿಯಾ ತಾನೂ ಸ್ಲೈಡು ನೋಡಿದಳು. "ಅಕ್ಕ, ನನಗೂ ಹಾಗೇ ಕಾಣ್ತದೆ. ಆದ್ರೆ ಸಮಿತಿಯವರು ಕೇಳ್ತಾರೆ, ಲಕ್ಷಾಂತರ ಸ್ಲೈಡು ಓದಿದ ಯಂತ್ರವನ್ನು ಬಿಟ್ಟು ಒಬ್ಬರ ಕಣ್ಣನ್ನು ಯಾಕೆ ನಂಬಬೇಕು ಅಂತ."

"ಆ ಯಂತ್ರದ್ದೂ ನನ್ನದೇ ಕಣ್ಣಲ್ವಾ ಡಾಕ್ಟ್ರೇ. ನನ್ನ ತಪ್ಪಿನ ಮೇಲೆ ನಾನೇ ಸಾಕ್ಷಿ ಹೇಳ್ತೇನೆ."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಪ್ರಮಾಣಿಸುವುದಕ್ಕೆ ದಾರಿಯೂ ಒಂದೇ. ರೋಗಿಗಳ ರಕ್ತವನ್ನು ಸೀಸೆಗಳಲ್ಲಿ ಹಾಕಿ, ಅದರಲ್ಲಿರುವ ರೋಗಾಣುಗಳಿಗೆ ತಿನ್ನಲು ಹೊಸ ರಕ್ತಕಣ ಕೊಟ್ಟು, ಮೈಯಷ್ಟೇ ಬಿಸಿಯಲ್ಲಿ ಇಡಬೇಕು. ಬದುಕಿದ್ದರೆ ಎರಡು ದಿನಕ್ಕೊಮ್ಮೆ ಹಲವು ಪಟ್ಟು ಬೆಳೆಯುತ್ತವೆ, ಸತ್ತಿದ್ದರೆ ಇಲ್ಲ. ಎರಡು ಸುತ್ತು ತುಂಬಿ ಖಾತ್ರಿಯಾಗಬೇಕಾದರೆ ಐದು ದಿನ ಕಾಯಬೇಕು. ಮಿಸ್ರಿಯಾ ಆ ಬೆಳಿಗ್ಗೆಯೇ ಸೀಸೆಗಳನ್ನಿಟ್ಟಳು. ಪಕ್ಕದಲ್ಲಿ ಕೆ-ಮೂವತ್ತೊಂದು ಮುಟ್ಟದ ರೋಗಾಣುವಿನ ಒಂದು ಸೀಸೆಯನ್ನೂ ಇಟ್ಟಳು, ಹೋಲಿಸುವುದಕ್ಕೆ. ಆಮೇಲೆ ಇಬ್ಬರೂ ಹಳೆಯ ರಿಜಿಸ್ಟರುಗಳನ್ನು ಕೆಳಗಿಳಿಸಿ, ಧೂಳಿಗೆ ಸೀನುತ್ತ, ಪೆನ್ಸಿಲ್ ಚುಕ್ಕೆಗಳನ್ನು ಹುಡುಕಿದರು.

ಶುಕ್ರವಾರ ಸಮಿತಿ ಕೂತಿತು. ಅಧ್ಯಕ್ಷರು ಧಾರವಾಡದ ಪ್ರೊಫೆಸರ್ ಹಂಪಿಹೊಳಿ, ಎಪ್ಪತ್ತು ದಾಟಿದವರು, ಮುಖದಲ್ಲಿ ನಗು ಕಾಣಿಸದ ಮನುಷ್ಯ. ಗುಲಾಬಿ ನಿಂತೇ ಮಾತಾಡಿದಳು.

"ಅಂದ್ರ ನಿಮಗ ಗೊತ್ತಿದ್ದೂ ತಪ್ಪು ಬಟನ್ ಒತ್ತೀರಿ," ಎಂದರು ಅಧ್ಯಕ್ಷರು.

"ಸತ್ತದ್ದಿರಬಹುದು ಅಂತ ಸಂಶಯ ಇತ್ತು ಸರ್. ಖಾತ್ರಿ ಇರ್ಲಿಲ್ಲ. ಖಾತ್ರಿ ಇಲ್ಲದಿದ್ರೆ ಉಂಟು ಅಂತ ಬರೀಬೇಕು ಅಂತ ನಾನು ಕಲಿತದ್ದು. ರೋಗಿಗೆ ಅದು ಒಳ್ಳೇದೇ. ಮದ್ದಿನ ಪರೀಕ್ಷೆಗೆ ಅಲ್ಲ. ಅದನ್ನು ಯಂತ್ರದವರಿಗೆ ನಾನು ಹೇಳ್ಬೇಕಿತ್ತು. ಹೇಳ್ಲಿಲ್ಲ."

"ಯಾಕ?"

"ಅವರು ಕೇಳ್ಲಿಲ್ಲ. ಮತ್ತೆ..." ಗುಲಾಬಿ ಸೆರಗು ಸರಿಮಾಡಿಕೊಂಡಳು. "ಗುಲಾಬಿಯಕ್ಕನಿಗೆ ಸಂಶಯವೇ ಬರೋದಿಲ್ಲ ಅಂತ ಎಲ್ಲರೂ ಹೇಳ್ತಿದ್ರು ಸರ್. ಅದು ನನಗೆ ಖುಷಿಯಾಗ್ತಿತ್ತು."

ಮಿಸ್ರಿಯಾ ರಿಜಿಸ್ಟರುಗಳನ್ನು ಮುಂದಿಟ್ಟಳು. ಮದ್ದು ಕೊಟ್ಟ ಮೇಲೆ ತೆಗೆದ ಸ್ಲೈಡುಗಳಲ್ಲಿ ಪೆನ್ಸಿಲ್ ಚುಕ್ಕೆ ಬಿದ್ದವು ಮುನ್ನೂರ ಹನ್ನೆರಡು. ಆ ರೋಗಿಗಳಲ್ಲಿ ಜ್ವರ ಮರಳಿ ಬಂದವರು ಮೂವರು ಮಾತ್ರ. ಅಧ್ಯಕ್ಷರು ಕನ್ನಡಕ ಏರಿಸಿ ಆ ಚುಕ್ಕೆಗಳನ್ನು ತುಂಬ ಹೊತ್ತು ನೋಡಿದರು.

"ಮಂಗಳವಾರ ಮಧ್ಯಾಹ್ನದ ತನಕ ಟೈಮ್ ಕೊಡ್ತೀನಿ," ಎಂದರು. "ಆದ್ರ ಒಂದು ಷರತ್ತು. ಅಷ್ಟರೊಳಗ ಯಾರಿಗರ ಜ್ವರ ಬಂದ್ರ ಆ ಸ್ಲೈಡ್ ಈ ಗುಲಾಬಿ ಬಾಯಾರು ನೋಡ್ಬೇಕು, ಯಂತ್ರ ಅಲ್ಲ. ಒಂದು ಉಂಗುರ ಕಂಡ್ರೂ ಮದ್ದು ಬದಲಿಸ್ರಿ, ಪ್ರಯೋಗ ಅಲ್ಲಿಗೆ ಮುಗೀತು."

ಶನಿವಾರ ಏನೂ ಆಗಲಿಲ್ಲ. ಭಾನುವಾರ ಮಧ್ಯಾಹ್ನ ದುರುಗಪ್ಪನಿಗೆ ಜ್ವರ ಬಂತು.

ಹುಲಿಗೆವ್ವ ಅವನ ಕಾಲು ತಿಕ್ಕುತ್ತ ಕೂತಿದ್ದಳು. ಗುಲಾಬಿ ಬೆರಳು ಚುಚ್ಚುವಾಗ ಕೇಳಿದಳು, "ಅಕ್ಕಾರ, ಮತ್ತ ಬಂತೇನ್ರಿ?"

"ನೋಡಿ ಹೇಳ್ತೇನೆ ತಂಗಿ."

"ನೀವ ನೋಡ್ರಿ. ಆ ಪೆಟ್ಟಿಗಿ ಬ್ಯಾಡ."

ಗುಲಾಬಿ ಸ್ಟೂಲಿನ ಮೇಲೆ ಕೂತಳು. ವಾಡಿಕೆಯಲ್ಲಿ ಒಂದು ಸ್ಲೈಡಿನ ನೂರು ಜಾಗ ನೋಡಿದರೆ ಸಾಕು. ಅವಳು ನೂರು ನೋಡಿದಳು, ಇನ್ನೂರು, ಮುನ್ನೂರು. ಕಪ್ಪು ಹರಳುಗಳು ಮೊದಲಿಗಿಂತ ಕಡಿಮೆಯಾಗಿದ್ದವು. ಮುನ್ನೂರ ಅರವತ್ತನೆಯ ಸುಮಾರಿಗೆ ಒಂದರ ಸುತ್ತ ಏನೋ ನೀಲಿ ಕಂಡಿತು. ನಂಬ್ರ ೧೧೪೭ ಕಣ್ಣಮುಂದೆ ಬಂತು, ಇದ್ದಿನಬ್ಬನ ತಾಯಿ ಹೊರಗಿನ ಬೆಂಚಿನಲ್ಲಿ ಕೂತಿದ್ದದ್ದು ಬಂತು. ಸಂಶಯ ಬಂದ್ರೆ ಉಂಟು ಅಂತ ಬರಿ. ಬರೆದರೆ ದುರುಗಪ್ಪನಿಗೆ ಬೇರೆ ಮದ್ದು ಸಿಗುತ್ತದೆ, ಅವಳ ಮೇಲೆ ಯಾವ ಅಪವಾದವೂ ಬರುವುದಿಲ್ಲ. ಬೇರೆ ಮದ್ದು ಎಂಬುದು ಈ ಊರಿನಲ್ಲಿ ಈಗ ಇಬ್ಬರಲ್ಲಿ ಒಬ್ಬರಿಗೆ ಹಿಡಿಯುತ್ತಿರಲಿಲ್ಲ, ಅದು ಬೇರೆ ಮಾತು.

ಅವಳು ಆ ಚುಕ್ಕೆಯನ್ನು ಬಿಡದೆ ನೋಡಿದಳು. ಮಸೂರವನ್ನು ಕೂದಲೆಳೆಯಷ್ಟು ಮೇಲೆ ಕೆಳಗೆ ಮಾಡಿದಳು. ಆ ನೀಲಿ ಬಣ್ಣ ಹರಳಿನ ಜೊತೆಗೆ ಸರಿಯಲಿಲ್ಲ. ಅದು ಬೇರೆಯೇ ಪದರದಲ್ಲಿತ್ತು, ಬಣ್ಣದ ಕಸ. ಅಂದು ಇದ್ದಿನಬ್ಬನ ಸ್ಲೈಡಿನಲ್ಲಿ ಹೀಗೆ ಮೇಲೆ ಕೆಳಗೆ ಮಾಡಿ ನೋಡಿರಲಿಲ್ಲ. ನೋಡಲು ಗೊತ್ತಿರಲೂ ಇಲ್ಲ. ಈಗ ಗೊತ್ತಿತ್ತು. ಮೂವತ್ತೈದು ವರ್ಷ ಸುಮ್ಮನೆ ಕೂತಿರಲಿಲ್ಲವಲ್ಲ ಅವಳು.

ಪೆನ್ನು ತೆಗೆದು 'ಇಲ್ಲ' ಎಂದು ಬರೆದಳು. ಪಕ್ಕದಲ್ಲಿ ಪೆನ್ಸಿಲ್ ಚುಕ್ಕೆ ಇಡಲಿಲ್ಲ.

ಸೋಮವಾರ ಬೆಳಿಗ್ಗೆ ದುರುಗಪ್ಪ ಸೀನುತ್ತಿದ್ದ, ಮೂಗು ಸೋರುತ್ತಿತ್ತು, ಜ್ವರ ಇಳಿದಿತ್ತು. ಹುಲಿಗೆವ್ವ ಅವನನ್ನು ಬಿಡಲಿಲ್ಲ. "ಕೇಳ್ರಿ ಅಕ್ಕಾರ, ಶನಿವಾರ ನನ್ನ ಕಣ್ಣು ತಪ್ಪಿಸಿ ಮಳ್ಯಾಗ ನಿಂತು ಬೀಡಿ ಸೇದ್ಯಾರ. ಜೀವ ಉಳಿಸಾಕ ನೀವು ಬಡಿದಾಡಾಕತ್ತೀರಿ, ಇವರಿಗೆ ಬೀಡಿ." ದುರುಗಪ್ಪ ಹೊದಿಕೆ ಎಳೆದುಕೊಂಡು ಆ ಕಡೆ ಹೊರಳಿದ.

ಮಂಗಳವಾರ ಬೆಳಿಗ್ಗೆ ಸೀಸೆಗಳನ್ನು ತೆರೆದರು. ಹೋಲಿಕೆಗೆ ಇಟ್ಟದ್ದರಲ್ಲಿ ರೋಗಾಣು ನಲವತ್ತು ಪಟ್ಟು ಬೆಳೆದಿತ್ತು, ಎಲ್ಲಿ ನೋಡಿದರೂ ಉಂಗುರ. ಹದಿನೇಳು ಸೀಸೆಗಳನ್ನು ಮಿಸ್ರಿಯಾ ಒಂದೊಂದಾಗಿ ನೋಡಿದಳು. ಒಂದು ಮುಗಿದ ಮೇಲೆ ಗುಲಾಬಿ ನೋಡುತ್ತಿದ್ದಳು. ಹದಿನೇಳನೆಯದೂ ಬರಿದಾಗಿತ್ತು. ಮಿಸ್ರಿಯಾ ಕೈಗವಸು ಕಳಚಿ ಗುಲಾಬಿಯ ಹೆಗಲಿಗೆ ತಲೆಯಿಟ್ಟು ಅತ್ತುಬಿಟ್ಟಳು. ಗುಲಾಬಿ ಅವಳ ಬೆನ್ನು ತಟ್ಟುತ್ತ, "ಸಾಕು ಡಾಕ್ಟ್ರೇ, ಸಮಿತಿಗೆ ಫೋನ್ ಮಾಡಿ ಮೊದಲು," ಎಂದಳು.

ಹಂಪಿಹೊಳಿಯವರು ಫಲಿತಾಂಶ ಕೇಳಿ, "ಭಾಳ ಚಲೋ ಆತು," ಎಂದಷ್ಟೇ ಹೇಳಿದರಂತೆ. ಆಮೇಲೆ ಸಮಿತಿಯ ಟಿಪ್ಪಣಿಯಲ್ಲಿ ಸ್ವಂತ ಕೈಯಿಂದ ಒಂದು ಸಾಲು ಸೇರಿಸಿದ್ದರು: ಈ ಪ್ರಯೋಗ ಉಳಿದದ್ದು ತನ್ನ ತಪ್ಪನ್ನು ತಾನೇ ಹೇಳಿದ ಒಬ್ಬ ತಂತ್ರಜ್ಞೆಯಿಂದ. ವಸಂತ ಅದರ ಒಂದು ಪ್ರತಿಗೆ ಪ್ಲಾಸ್ಟಿಕ್ ಹಾಕಿಸಿ ಕಿಸೆಯಲ್ಲಿಟ್ಟುಕೊಂಡ. ಕ್ಷೌರದಂಗಡಿಯಲ್ಲಿ ಈಗ ಹನ್ನೊಂದು ದೇಶದ ಮಾತಿಲ್ಲ. "ನನ್ನ ಹೆಂಡತಿ ಎದ್ದು ನಿಂತು ತಪ್ಪು ಅಂತ ಹೇಳಿದವಳು ಮಾರಾಯ್ರೇ" ಎಂದು ಶುರುಮಾಡುತ್ತಾನೆ.

ಎರಡು ತಿಂಗಳ ನಂತರ ಯಂತ್ರದವರು ಮತ್ತೆ ಬಂದರು. ಪರದೆಯ ಕೆಳಗೆ ಈಗ ಮೂರು ಬಟನ್‌ಗಳಿದ್ದವು. ಮೂರನೆಯದಕ್ಕೆ ಏನು ಹೆಸರಿಡೋಣ ಎಂದು ಕೇಳಿದರು. "ಸತ್ತದ್ದು ಅಂತ ಬರೀರಿ, ಬೇರೆಂತ," ಎಂದಳು ಗುಲಾಬಿ. ಮೊದಲ ಚಿತ್ರವಾಗಿ ದುರುಗಪ್ಪನ ಸ್ಲೈಡನ್ನೇ ಸಿದ್ಧಮಾಡಿಕೊಂಡು ಬಂದಿದ್ದರು. ದುರುಗಪ್ಪ ಆಗಲೇ ಕುಷ್ಟಗಿಗೆ ಹೋಗಿ ರೊಟ್ಟಿ ತಿಂದು ಮರಳಿ ಕೆಲಸಕ್ಕೆ ಬಂದಾಗಿತ್ತು.

"ಅದು ಆಮೇಲೆ," ಎಂದಳು ಗುಲಾಬಿ.

ತನ್ನ ಮೇಜಿನ ಕೆಳಗಿನ ಖಾನೆಯ ಬೀಗ ತೆಗೆದು, ಹತ್ತಿಯಲ್ಲಿ ಸುತ್ತಿದ ಒಂದು ಸ್ಲೈಡನ್ನು ಹೊರತೆಗೆದಳು. ಮೊದಲ ಸಲ ನಲವತ್ತು ಸಾವಿರ ಸ್ಲೈಡು ಕೊಟ್ಟಾಗ ನಾಚಿಕೆಯಿಂದ ಇದೊಂದನ್ನು ಅವಳು ಕೊಟ್ಟಿರಲಿಲ್ಲ. ಬಣ್ಣ ಮಾಸಿತ್ತು, ಅಂಚಿನಲ್ಲಿ ನಂಬ್ರ ಇನ್ನೂ ಓದಲು ಬರುತ್ತಿತ್ತು. ೧೧೪೭.

ಸ್ಲೈಡನ್ನು ಯಂತ್ರಕ್ಕೆ ಇಟ್ಟರು, ಚಿತ್ರ ಪರದೆಯ ಮೇಲೆ ಬಂತು. ಮಸುಕಾದ ಒಂದು ಚುಕ್ಕೆ. ಗುಲಾಬಿ ಅದನ್ನು ದೊಡ್ಡದು ಮಾಡಿ, ಮಸೂರವನ್ನು ಮೇಲೆ ಕೆಳಗೆ ಮಾಡಿ ನೋಡಿದಳು. ತೆಳ್ಳಗೆ, ಆದರೆ ಪೂರ್ತಿ ಸುತ್ತಿದ ನೀಲಿ ಉಂಗುರ ಹರಳಿನ ಜೊತೆಗೇ ಸರಿಯಿತು.

ಕೆಂಪು ಬಟನ್ ಒತ್ತಿದಳು.

"ಇದನ್ನು ನಾನು ಬಿಟ್ಟಿದ್ದೆ," ಎಂದಳು ಯಂತ್ರದವರಿಗೆ. "ಇವಳು, ಈ ಮರಿಗುಲಾಬಿ, ಬಿಡಬಾರದು." ಆಮೇಲೆ ಸ್ಟೂಲನ್ನು ಹತ್ತಿರ ಎಳೆದುಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತು, ಮುಂದಿನದನ್ನು ಹಾಕಲು ಹೇಳಿದಳು.